ಕೆಟ್ಟ ಮಣ್ಣು ಬೇಕಾಗಿದೆ

ರಾಯಚೂರಿನಲ್ಲಿ ಒಳ್ಳೆಯ ಮಣ್ಣು ಬೇಕೆಂದರೆ ಯಾರೂ ಇಲ್ಲವೆನ್ನುವುದಿಲ್ಲ. ಎರಡು ನದಿಗಳ ನಡುವಿನ ನಾಡು ಇದು. ಎರೆಮಣ್ಣು ಇಲ್ಲಿ ಕಾಲಿಗೂ ಹತ್ತುತ್ತದೆ, ಮಾತಿಗೂ ಹತ್ತುತ್ತದೆ. ಬೀಗತನದ ಮಾತಿಗೆ ಕೂತರೆ 'ಹೊಲ ಎಷ್ಟು' ಎಂಬುದರ ಬೆನ್ನಿಗೇ 'ಎರಿಯೋ ಮಸಾರಿಯೋ' ಎಂಬ ಪ್ರಶ್ನೆ ಬರುತ್ತದೆ. ನರ್ಸರಿಗೆ ಹೋದರೆ ಎರೆಹುಳು ಗೊಬ್ಬರ, ತೆಂಗಿನ ನಾರಿನ ಪುಡಿ, ಬೇವಿನ ಹಿಂಡಿ ಎಲ್ಲ ಬೆರೆಸಿದ ಮಣ್ಣು ಚೀಲದಲ್ಲಿ ಸಿದ್ಧವಾಗಿ ಸಿಗುತ್ತದೆ. ಕೆಟ್ಟ ಮಣ್ಣು ಕೇಳಿ ನೋಡಿ, ಆಗ ಫಜೀತಿ ಶುರುವಾಗುತ್ತದೆ.

"ಗರಸು ಬೇಕಿತ್ತು. ಸಣ್ಣ ಹರಳು ಇರಬೇಕು, ಗೊಬ್ಬರ ಇರಬಾರದು, ನೀರು ಹಾಕಿದರೆ ನಿಲ್ಲಬಾರದು" ಎಂದೆ.

ನರ್ಸರಿಯವನು ನನ್ನನ್ನು ಒಮ್ಮೆ ಅಳೆದು ನೋಡಿ, "ಮನಿ ಕಟ್ಟಸಾಕತ್ತೀರೇನ್ರಿ ಸಾಹೇಬ್ರ?" ಎಂದ.

ಮನೆಗಲ್ಲ, ಗಿಡಕ್ಕೆ ಎಂದೆ. ಎಂಥ ಗಿಡ ಎಂದ. ಮಂಗನ ಕೋಡು ಎಂದೆ. ಪಕ್ಕದಲ್ಲಿ ಸಸಿಗಳಿಗೆ ನೀರು ಬಿಡುತ್ತಿದ್ದ ಮುದುಕ ಪೈಪು ಕೆಳಗಿಟ್ಟು ನಕ್ಕೇಬಿಟ್ಟ. "ಅದನ್ನ ಯಾರರ ಹಚ್ಚತಾರೇನ್ರಿ? ಅದು ತಾನಾ ಬರ್ತದ."

ತಾನೇ ಬರುವುದು ನಿಜ. ಬರುವ ಜಾಗ ಮಾತ್ರ ಅದರ ಮರ್ಜಿ. ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಹೋಗುವಾಗ ಹೊಲಗಳ ನಡುನಡುವೆ ಗುಂಡುಕಲ್ಲಿನ ಗುಡ್ಡಗಳು ಎದ್ದು ಕೂತಿರುತ್ತವಲ್ಲ, ಅವುಗಳ ಬುಡದಲ್ಲಿ ಕಾರೆಕಂಟಿ, ಬೋರೆಕಂಟಿಗಳಿರುತ್ತವೆ. ಕಂಟಿಯ ಟೊಂಗೆಗಳನ್ನು ಎತ್ತಿ, ಕೈ ತರಚಿಕೊಂಡು, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿದರೆ ಮಂಗನ ಕೋಡು ಕಾಣುತ್ತದೆ. ಗೇಣುದ್ದ, ಬಹಳ ಬೆಳೆದರೆ ಮೊಳದುದ್ದ. ಬೂದಿ ಬೆರೆತ ಹಸಿರು. ಬೆರಳು ಗಾತ್ರದ ಕಾಂಡ ನಾಲ್ಕು ಮೂಲೆಯದು. ಮೂಲೆಗುಂಟ ಮೊಂಡು ಹಲ್ಲುಗಳು. ತುದಿಗೆ ಹೋಗುತ್ತ ಸಪೂರವಾಗಿ, ಕೊನೆಗೆ ಬಾಲದ ಹಾಗಾಗಿಬಿಡುತ್ತದೆ. ಎಲೆ ಇಲ್ಲವೇ ಎಂದರೆ ಇದೆ. ಹಲ್ಲಿನ ತುದಿಯಲ್ಲಿ ಕಣ್ಣಿಗೆ ಹತ್ತದಷ್ಟು ಸಣ್ಣದಾಗಿ ಮೂಡಿ, ನಾವು ಹುಡುಕುವ ಹೊತ್ತಿಗೆ ಉದುರಿರುತ್ತದೆ. ಮುಳ್ಳಂತೂ ಒಂದೂ ಇಲ್ಲ. ಮುಳ್ಳಿಲ್ಲದ್ದರಿಂದಲೇ ಕಂಟಿಯ ಮರೆ. ಬಯಲಲ್ಲಿ ನಿಂತರೆ ಆಡು ಮುಗಿಸಿಬಿಡುತ್ತದೆ, ಆಡು ಬಿಟ್ಟರೆ ಬಿಸಿಲು. ಬೇರೊಬ್ಬರ ಮುಳ್ಳಿನಡಿ ಬಾಡಿಗೆಯಿಲ್ಲದೆ ಬದುಕುವ ಗಿಡ.

ಗೆಳೆಯರು ಇದನ್ನು ಕ್ಯಾಕ್ಟಸ್ ಎನ್ನುತ್ತಾರೆ. ನಾನೂ ಹೂಂ ಎನ್ನುತ್ತೇನೆ, ಚಹಾ ಆರಿಹೋಗುವಷ್ಟು ವಾದ ಯಾಕೆ. ಇಲ್ಲಿ ಮಾತ್ರ ಹೇಳಿಬಿಡುತ್ತೇನೆ. ಕ್ಯಾಕ್ಟಸ್ ಕುಟುಂಬ ಪೂರ್ತಿ ಅಮೆರಿಕ ಖಂಡಗಳದ್ದು. ಒಂದೇ ಒಂದು ಜಾತಿ ಆಫ್ರಿಕ, ಶ್ರೀಲಂಕಾಗಳ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ, ಅಷ್ಟೆ. ನಮ್ಮ ಬದುವಿನ ಡಬ್ಬಗಳ್ಳಿ ಕೂಡ ಹಡಗು ಹತ್ತಿ ಬಂದದ್ದು. ಮಂಗನ ಕೋಡು ಎಕ್ಕೆಯ ಬಳಗ. ನಂಬಲಿಕ್ಕೆ ಕಷ್ಟವಾದರೆ ಕಾಯಿ ನೋಡಬೇಕು: ಎಕ್ಕೆಗಿರುವಂತೆ ಒಳಗೆಲ್ಲ ರೇಷ್ಮೆಯ ಎಳೆ. ಎಕ್ಕೆಯ ಹಾಲು ಮಾತ್ರ ಇದಕ್ಕೆ ಬಂದಿಲ್ಲ. ಮುರಿದರೆ ತಿಳಿನೀರು ಒಸರುತ್ತದೆ. ತಿನ್ನುವ ಉಮೇದು ಇದ್ದವರು ಇದೊಂದನ್ನು ಗಟ್ಟಿಯಾಗಿ ನೆನಪಿಡಬೇಕು. ಮುರಿದಾಗ ಬಿಳಿ ಹಾಲು ಬಂದರೆ ಅದು ಚದುರಗಳ್ಳಿಯ ಕಡೆಯದು, ಕಣ್ಣಿಗೆ ಸಿಡಿದರೆ ಆಸ್ಪತ್ರೆಗೆ ಓಡಬೇಕಾದೀತು.

ಡಬ್ಬಗಳ್ಳಿಯ ಕಥೆ ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಈಸ್ಟ್ ಇಂಡಿಯಾ ಕಂಪನಿಗೆ ಕೆಂಪು ಬಣ್ಣದ ಆಸೆ. ಆ ಬಣ್ಣ ಕೊಡುವ ಹುಳು ಡಬ್ಬಗಳ್ಳಿಯ ಮೇಲೆ ಬದುಕುತ್ತದೆ. 1795ರಲ್ಲಿ ಬ್ರೆಜಿಲ್‌ನಿಂದ ಹುಳು ಬಂತು. ಬಂದದ್ದು ಕೀಳುಜಾತಿಯ ಬಣ್ಣದ ಹುಳು. ಅದು ಒಂದು ಬಗೆಯ ಡಬ್ಬಗಳ್ಳಿಯನ್ನು ತಿಂದು ಮುಗಿಸಿತು, ಬಣ್ಣದ ವ್ಯಾಪಾರವೂ ಮುಗಿಯಿತು. ಇನ್ನೊಂದು ಬಗೆಯ ಡಬ್ಬಗಳ್ಳಿಗೆ ಆ ಹುಳು ಏನೂ ಮಾಡಲಿಲ್ಲ. ಅದು ದಕ್ಷಿಣದ ಹೊಲಗದ್ದೆ, ಗೋಮಾಳಗಳನ್ನೆಲ್ಲ ನುಂಗುತ್ತ ಹೊರಟಿತು. ಕಡೆಗೆ 1926ರಲ್ಲಿ ಅದಕ್ಕೆ ತಕ್ಕ ಬೇರೆ ಹುಳುವನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಡಬ್ಬಗಳ್ಳಿ ಕರಗಿತು. ಹೊರಗಿನಿಂದ ಬಂದ ಕಳ್ಳಿಗೆ ಇಷ್ಟೆಲ್ಲ ಚರಿತ್ರೆ, ಸರ್ಕಾರಿ ಕಡತ. ನಮ್ಮ ಗುಡ್ಡದ ಮಂಗನ ಕೋಡು ಯಾರ ಹೊಲವನ್ನೂ ನುಂಗಲಿಲ್ಲ, ಹಾಗಾಗಿ ಯಾರೂ ಅದರ ಗೋಜಿಗೆ ಹೋಗಲಿಲ್ಲ. 1795ರಲ್ಲೇ ವಿಲಿಯಂ ರಾಕ್ಸ್‌ಬರ್ಗ್ ಕೋರಮಂಡಲ ತೀರದ ಸಸ್ಯಗಳ ದೊಡ್ಡ ಪುಸ್ತಕದಲ್ಲಿ ಇದರ ಚಿತ್ರ ಹಾಕಿಸಿದ. ತೆಲುಗರ ಬಾಯಲ್ಲಿ ಕೇಳಿ ಅವನು ಬರೆದುಕೊಂಡ ಹೆಸರೇ ಮುಂದೆ 'ಕ್ಯಾರಲ್ಲುಮಾ' ಎಂದು ಕುಲದ ಹೆಸರಾಯಿತು.

ನನ್ನ ಗಿಡ ಬಂದದ್ದು ದೇವದುರ್ಗದ ಹಾದಿಯಿಂದ. ರಸ್ತೆ ಅಗಲ ಮಾಡಲು ಗುಡ್ಡದ ಪಾದವನ್ನು ಜೆಸಿಬಿ ಕೆರೆದಿತ್ತು. ಕಂಟಿಗಳು ಬೇರು ಮೇಲೆ ಮಾಡಿ ಬಿದ್ದಿದ್ದವು. ಅವುಗಳ ಕೆಳಗೆ ನಾಲ್ಕಾರು ಕೋಡುಗಳು ಮಣ್ಣಿಲ್ಲದೆ, ಬಿಸಿಲಿಗೆ ತುಸು ಕೆಂಪಾಗಿ, ಆದರೂ ಗಟ್ಟಿಯಾಗಿ ಬಿದ್ದಿದ್ದವು. ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದೆ. ಜೀವಂತ ಗುಡ್ಡದಿಂದ ಬುಡಸಮೇತ ಕಿತ್ತು ತರುವವರ ಮೇಲೆ ನನಗೆ ಸಿಟ್ಟಿದೆ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಕೋಡು ಬೇಕಾದರೆ ಕೇಳಿ, ಮುರಿದು ಕೊಡುತ್ತೇನೆ.

ಅವ್ವ ಅದನ್ನು ನೋಡಿದ ಕೂಡಲೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಾನು ಬೇಡ ಬೇಡ ಎನ್ನುವುದರೊಳಗೆ ಅರ್ಧ ಅಗಿದಾಗಿತ್ತು. ಎಪ್ಪತ್ತೆರಡರ ಬರದಲ್ಲಿ ಅವ್ವ ಕುರಿ ಹಿಂದೆ ತಿರುಗುವ ಹುಡುಗಿ. ರೊಟ್ಟಿ ಇದ್ದರೆ ನೀರಿಲ್ಲ, ನೀರಿದ್ದರೆ ರೊಟ್ಟಿಯಿಲ್ಲ ಎಂಬ ಕಾಲ. ಇದನ್ನು ಅಗಿದರೆ ನೀರಡಿಕೆಯೂ ನಿಲ್ಲುತ್ತಿತ್ತು, ಹೊಟ್ಟೆಯೂ ಸುಮ್ಮನಾಗುತ್ತಿತ್ತು. "ಮುಂಜಾನಿಕಡೆ ತಿಂದ್ರ ಹುಳಿ ಬಡೀತದ, ಮಧ್ಯಾನ ಮ್ಯಾಲ ತಿನ್ನಬೇಕು" ಎಂದಳು.

ಈ ಮಾತು ಅವ್ವ ಎಷ್ಟು ಸಲೀಸಾಗಿ ಅಂದಳೆಂದರೆ, ಅದರ ಹಿಂದೆ ಒಂದು ದೊಡ್ಡ ವಿಜ್ಞಾನ ಇದೆಯೆಂದು ನನಗೆ ಆಮೇಲೆ ಹೊಳೆಯಿತು. ಸಾಮಾನ್ಯ ಗಿಡಗಳು ಹಗಲು ಉಸಿರಾಟದ ರಂಧ್ರಗಳನ್ನು ತೆರೆಯುತ್ತವೆ. ರಾಯಚೂರಿನ ಮೇ ತಿಂಗಳಲ್ಲಿ ಹಗಲು ಬಾಗಿಲು ತೆರೆದರೆ ಮನೆಯಲ್ಲಿರುವ ನೀರೆಲ್ಲ ಆವಿ. ಮಂಗನ ಕೋಡಿನಂಥವು ರಾತ್ರಿ ತೆರೆಯುತ್ತವೆ. ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯಾಗಿ ಮಾಡಿ ಕೂಡಿಡುತ್ತವೆ, ಹಗಲು ಬಾಗಿಲು ಹಾಕಿಕೊಂಡು ಆ ಹುಳಿಯನ್ನು ಬಿಡಿಸಿ ಅಡುಗೆ ಮಾಡಿಕೊಳ್ಳುತ್ತವೆ. ಅದಕ್ಕೇ ಬೆಳಗಿನ ಕೋಡು ಹುಳಿ, ಸಂಜೆಯ ಕೋಡು ಸಪ್ಪೆ, ಕಹಿಯ ಒಂದು ಎಳೆ. ಇದನ್ನು ನಾಲಿಗೆಯಿಂದ ಪತ್ತೆ ಮಾಡಿ ಬರೆದಿಟ್ಟವನೊಬ್ಬ ನಮ್ಮ ನಾಡಿನಲ್ಲಿ ಓಡಾಡಿದವನೇ. ಟಿಪ್ಪು ಬಿದ್ದ ಮೇಲೆ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಳ್ಳಲು ಕಂಪನಿ ನೇಮಿಸಿದ ಬೆಂಜಮಿನ್ ಹೇಯ್ನ್. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ರುಚಿಯಿಲ್ಲ, ಸಂಜೆಯ ಕಡೆಗೆ ತುಸು ಕಹಿ ಎಂದು ಅವನು ಬರೆದ ಪತ್ರ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಸಸ್ಯಶಾಸ್ತ್ರದ ಪುಸ್ತಕಗಳು ಇಂದಿಗೂ ಅವನ ಹೆಸರು ಹೇಳುತ್ತವೆ. ದೇವದುರ್ಗದ ಕುರಿ ಕಾಯುವ ಹುಡುಗಿಯರು ಯಾವ ಸೊಸೈಟಿಗೂ ಪತ್ರ ಬರೆಯಲಿಲ್ಲ. ನಾನೂ ತಿಂದು ನೋಡಿದೆ, ಬೆಳಿಗ್ಗೆ ಒಂದು ತುಂಡು, ಸಂಜೆ ಅದೇ ಕೋಡಿನ ಇನ್ನೊಂದು ತುಂಡು. ಹೇಯ್ನ್ ಸಾಹೇಬನೂ ಸರಿ, ಅವ್ವನೂ ಸರಿ.

ಇನ್ನು ಬೆಳೆಸುವ ವಿಷಯ. ಇದನ್ನು ಬೆಳೆಸುವುದೆಂದರೆ ಮಾಳಿಗೆಯ ಮೇಲೆ ಒಂದು ಬಡ ಗುಡ್ಡ ಕಟ್ಟುವುದು.

ಮೊದಲು ಒಣಗಿಸಬೇಕು. ಮುರಿದ ಕೋಡನ್ನು ತಂದ ಕೂಡಲೇ ನೆಡುವ ಆತುರ ಎಲ್ಲರಿಗೂ ಬರುತ್ತದೆ; ಗಿಡ ಅಂದರೆ ಮಣ್ಣು, ಮಣ್ಣು ಅಂದರೆ ನೀರು ಎಂದು ಕೈ ತಾನಾಗಿ ಹೋಗುತ್ತದೆ. ಹಸಿ ಗಾಯ ಮಣ್ಣು ಮುಟ್ಟಿದರೆ ಅಲ್ಲಿಂದಲೇ ಕೊಳೆ. ನೆರಳಲ್ಲಿ, ಗಾಳಿ ಆಡುವ ಕಡೆ, ಫರಸಿ ಕಲ್ಲಿನ ಮೇಲೆ ಒಂದು ವಾರ ಸುಮ್ಮನೆ ಇಡಬೇಕು. ಮುರಿದ ಬಾಯಿ ಬಿಳಿಚಿ, ಒಳಕ್ಕೆ ಎಳೆದುಕೊಂಡು, ಉಗುರಿನಿಂದ ಒತ್ತಿದರೆ ಗಡಸಾಗಿ ಹತ್ತಬೇಕು. ಆಗ ಅದು ಸಿದ್ಧ.

ಕುಂಡ ಮಣ್ಣಿನದೇ ಆಗಬೇಕು, ಆಳ ಕಡಿಮೆ, ಬಾಯಿ ಅಗಲ. ಬುಡಕ್ಕೆ ಒಡೆದ ಗಡಿಗೆಯ ಚೂರು. ಅದರ ಮೇಲೆ ಗರಸು ಎರಡು ಪಾಲು, ದಪ್ಪ ಉಸುಕು ಒಂದು ಪಾಲು, ಮಸಾರಿ, ಅಂದರೆ ಕೆಂಪು ಮಣ್ಣು ಒಂದು ಪಾಲು. ಎರೆಮಣ್ಣು ಚಿಟಿಕೆಯಷ್ಟೂ ಬೇಡ. ಹತ್ತಿ ಬೆಳೆದು ರಾಯಚೂರಿನ ಗಂಜ್ ಮಾರುಕಟ್ಟೆಗೆ ಹೆಸರು ತಂದ ಮಣ್ಣು ಅದು, ಅದರ ಮೇಲೆ ನನಗೆ ಗೌರವವಿದೆ. ಆದರೆ ನೀರು ಕುಡಿದು ಉಬ್ಬುವುದು, ದಿನಗಟ್ಟಲೆ ತೇವ ಬಿಡದಿರುವುದು ಅದರ ಗುಣ, ಆ ಗುಣವೇ ಇಲ್ಲಿ ವಿಷ. ತಿಪ್ಪೆಗೊಬ್ಬರ ಹಾಕಿದರೆ ಮಂಗನ ಕೋಡು ಮೊದಲು ಬಹಳ ಚೆನ್ನಾಗಿ ಕಾಣುತ್ತದೆ. ಎತ್ತರ, ದಪ್ಪ, ತಿಳಿ ಹಸಿರು. ಆಮೇಲೆ ಒಂದು ಮಳೆಗೆ ಬುಡ ಕಂದಾಗಿ ಮೆತ್ತಗಾಗಿ ಕುಸಿಯುತ್ತದೆ. ಹಾಗೆ ಬುಡ ಮೆತ್ತಗಾದದ್ದು ಕಂಡರೆ ಮೀನಮೇಷ ಎಣಿಸದೆ ಹರಿತವಾದ ಚಾಕುವಿನಿಂದ ಮೇಲುಗಡೆ ಕತ್ತರಿಸಬೇಕು. ಕೊಯ್ದ ಜಾಗದಲ್ಲಿ ಕಂದು ಚುಕ್ಕೆ ಒಂದಿದ್ದರೂ ಇನ್ನಷ್ಟು ಮೇಲೆ ಕತ್ತರಿಸಬೇಕು, ಅಚ್ಚ ಹಸಿರು ಸಿಗುವ ತನಕ. ಉಳಿದ ತುಂಡನ್ನು ಮತ್ತೆ ಒಣಗಿಸಿ ನೆಟ್ಟರೆ ಗಿಡ ಉಳಿಯುತ್ತದೆ.

ನೆಡುವುದಕ್ಕಿಂತ ಮಲಗಿಸುವುದು ಒಳ್ಳೆಯದು. ಗರಸಿನ ಮೇಲೆ ಕೋಡನ್ನು ಓರೆಯಾಗಿ ಇಟ್ಟು ಒಂದು ಕಲ್ಲು ಒತ್ತಿದರೆ ಸಾಕು. ಗುಡ್ಡದಲ್ಲೂ ಅದು ಹಾಗೇ: ನೆಲಕ್ಕೆ ಬಾಗಿದ ಕಡೆ ಬೇರು ಬಿಟ್ಟು, ಅಲ್ಲಿಂದ ಹೊಸ ಕೋಡು ಎಬ್ಬಿಸಿ, ವರ್ಷಕ್ಕಿಷ್ಟು ಜಾಗ ಸರಿಯುತ್ತದೆ. ಬಿಸಿಲು ಬೇಕು, ನಡುಹಗಲಿನದು ಬೇಡ. ನನ್ನ ಕುಂಡಗಳು ನೀರಿನ ಟ್ಯಾಂಕಿನ ಪೂರ್ವಕ್ಕಿವೆ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನಕ್ಕೆ ಟ್ಯಾಂಕಿನ ನೆರಳು ಬರುತ್ತದೆ. ಕಂಟಿ ಮಾಡುವ ಕೆಲಸವನ್ನು ಪ್ಲಾಸ್ಟಿಕ್ ಟ್ಯಾಂಕು ಮಾಡುತ್ತಿದೆ. ನೀರು, ಬೇಸಿಗೆಯಲ್ಲಿ ಕುಂಡದ ತಳದವರೆಗೂ ಒಣಗಿದ ಮೇಲೆ ಒಮ್ಮೆ, ತಣ್ಣನೆಯ ಸಂಜೆ. ಮಳೆಗಾಲದಲ್ಲಿ ನಮ್ಮದೇನೂ ಕೆಲಸವಿಲ್ಲ, ಮಳೆ ಹಿಡಿದರೆ ಕುಂಡವನ್ನು ಸೂರಿನಡಿ ಎಳೆಯುವುದಷ್ಟೆ. ಚಳಿಗಾಲ ರಾಯಚೂರಿನಲ್ಲಿ ಚಳಿಗಾಲವೇ ಅಲ್ಲ, ಅದರ ಚಿಂತೆ ಬಿಡಿ. ಹಿಟ್ಟು ತಿಗಣೆ ಹತ್ತುವುದುಂಟು, ಹಲ್ಲುಗಳ ಸಂದಿಯಲ್ಲಿ ಹತ್ತಿಯ ನೂಲಿನಂತೆ ಕಾಣುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶು, ಬೇವಿನೆಣ್ಣೆ ಬೆರೆಸಿದ ಸೋಪಿನ ನೀರು ಸಾಕು.

ಮಾನ್ವಿಯ ನನ್ನ ಗೆಳೆಯನಿಗೆ ಇದೆಲ್ಲ ಅರ್ಥವಾಗುವುದಿಲ್ಲ. ಜಗನ್ನಾಥದಾಸರ ಊರಿನವನು, ತತ್ತ್ವ ಚೆನ್ನಾಗಿ ಹೇಳುತ್ತಾನೆ. ನೀರಿನ ವಿಷಯಕ್ಕೆ ಬಂದರೆ ತತ್ತ್ವವೆಲ್ಲ ಬದಿಗೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಅವರ ಕಡೆ ಭತ್ತದ ಸೀಮೆ, ಅಕ್ಕಿ ಗಿರಣಿಗಳ ಸೀಮೆ. ಕಾಲುವೆಯ ಕೊನೆಭಾಗದ ಹೊಲ ಅವನದು. ನೀರು ಮುಟ್ಟಿತೇ ಇಲ್ಲವೇ ಎಂಬುದರ ಮೇಲೆ ಅವನ ವರ್ಷದ ಮುಖಭಾವ ನಿಂತಿದೆ. "ನೀರು ಕುಡದ್ರ ಸಾಯೋ ಗಿಡ ಯಾಕ ಸಾಕತಿ? ನೀರಿಲ್ಲದ ಸಾಯೋದು ನಾವ ಇದ್ದೀವಲ್ಲ" ಎನ್ನುತ್ತಾನೆ. ಅವನ ಅಜ್ಜನ ಕಾಲದಲ್ಲಿ ಆ ಹೊಲದ ಮೂಲೆಯಲ್ಲೊಂದು ಮರಡಿ ಇತ್ತಂತೆ, ಕಲ್ಲು, ಕಂಟಿ, ಹಾವು. ಕಾಲುವೆ ಬಂದಾಗ ಅದನ್ನು ಒಡೆದು ಮಟ್ಟ ಮಾಡಿದರು. ಯಾರು ಮಾಡುವುದಿಲ್ಲ? ನಾನಾದರೂ ಅದನ್ನೇ ಮಾಡುತ್ತಿದ್ದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯೂ ಅಂಥದೇ ಕೆಲಸ ಮಾಡಿದೆ. ಹಾಗಿದ್ದೂ ಬೇಸಿಗೆ ಬಂದರೆ ಗುಳೆ ಹೋಗುವ ತಾಲೂಕು ಅದು. ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ದೇವದುರ್ಗದ ಮಾತು ಕೇಳುತ್ತದೆ. ನೀರು ಬಂದ ಕಡೆ ನೀರು ಬೇಡವೆನ್ನಲು ನಾನ್ಯಾರು. ಯಾರಿಗೂ ಬೇಡವಾದ ನೆಲ ಇರುವಷ್ಟು ದಿನ ಈ ಗಿಡ ಇತ್ತು. ಈಗ ಮಟ್ಟ ಮಾಡಿದ ನೆಲಕ್ಕೆ ಭತ್ತ ಬಂತು, ಉಳಿದ ಗುಡ್ಡಕ್ಕೆ ಕಲ್ಲಿನ ಕ್ವಾರಿ ಬಂತು, ಬೇಡವಾದ ನೆಲ ಅನ್ನುವುದೇ ಕಡಿಮೆಯಾಗುತ್ತ ಬಂತು.

ಗೆಳೆಯನ ಬಾಯಿ ಮುಚ್ಚಿಸಿದ್ದು ಹೂವು. ಮಳೆಗಾಲದ ಕೊನೆಯಲ್ಲಿ ಬಂದಿದ್ದ. ಕೋಡಿನ ಸಪೂರ ತುದಿಯಗುಂಟ ಹೂ ಬಿಟ್ಟು, ತಲೆ ಕೆಳಗೆ ಮಾಡಿ ತೂಗುತ್ತಿದ್ದವು. ಅಂಗುಲಕ್ಕೂ ಸಣ್ಣ ಹೂವು, ಐದು ಎಸಳು, ಕಪ್ಪು ಎನ್ನಬಹುದಾದ ನೇರಳೆ ಬಣ್ಣ. ಅಂಚೆಚೀಟಿ ನೋಡುವ ಭೂತಗನ್ನಡಿ ಕೊಟ್ಟೆ. ಎಸಳಿನ ಅಂಚಿಗೆಲ್ಲ ಸಣ್ಣ ಕೂದಲು. ನಮಗೆ ಗಾಳಿಯೇ ಇಲ್ಲವೆನ್ನಿಸುವ ಹೊತ್ತಿನಲ್ಲೂ ಆ ಕೂದಲು ಅಲುಗುತ್ತಿರುತ್ತದೆ. ನೊಣವನ್ನು ಕರೆಯುವ ವಿದ್ಯೆ ಅದು; ಅಲುಗಾಟ ಸಾಲದು ಎಂದು ಸಣ್ಣಗೆ ಹಳಸಿದ ವಾಸನೆ ಬೇರೆ. ನೊಣವೊಂದು ಬಂದು ನಡುವಿನ ದಿಬ್ಬದ ಮೇಲೆ ಕೂತು ಸಂದಿಯಲ್ಲಿ ಮೂತಿ ತೂರಿಸಿತು. ಆ ಸಂದಿಗಳು ಕೆಳಗೆ ಅಗಲ, ಮೇಲೆ ಕಿರಿದು. ಮೂತಿಯ ಕೂದಲೋ ಕಾಲಿನ ಕೂದಲೋ ಅದರೊಳಗೆ ಜಾರಿದರೆ ಮೇಲಕ್ಕೆ ಎಳೆದಷ್ಟೂ ಬಿಗಿ. ನೊಣ ಜಗ್ಗಾಡಿತು, ರೆಕ್ಕೆ ಬಡಿಯಿತು, ಕಡೆಗೆ ಕಿತ್ತುಕೊಂಡು ಹಾರಿತು. ಮುಂದಿನ ಹೂವಿನ ಮೇಲೆ ಕೂತಾಗ ಮೂತಿಗೆ ಹಳದಿಯ ಎರಡು ಚುಕ್ಕೆ ಅಂಟಿದ್ದವು. ಪರಾಗ ಇಲ್ಲಿ ಪುಡಿಯಲ್ಲ, ಮೇಣದಂಥ ಎರಡು ಚೀಲ, ನಡುವೆ ಒಂದು ಕೊಕ್ಕೆ. ಎಕ್ಕೆಯದೂ ಇದೇ ಪದ್ಧತಿ. ಗೆಳೆಯ ಕನ್ನಡಿ ಬಿಡಲೇ ಇಲ್ಲ. "ನೊಣಕ್ಕ ಏನು ಸಿಕ್ತು?" ಎಂದ. ಅಲ್ಪಸ್ವಲ್ಪ ಮಕರಂದ ಎಂದೆ. "ಅಷ್ಟಕ್ಕ ಇಷ್ಟು ಹಮಾಲಿ?" ಎಂದ. ಗಂಜಿನಲ್ಲಿ ಭತ್ತ ಇಳಿಸಿ ಬಂದವನ ಮಾತು.

ಆ ಹಮಾಲಿ ಫಲಿಸಿದರೆ ಕಾಯಿ. ಎರಡೆರಡಾಗಿ, ಉದ್ದಕ್ಕೆ, ಚೂಪಾಗಿ ಮೇಲಕ್ಕೆ ನಿಲ್ಲುತ್ತವೆ. ಬೇಸಿಗೆಗೆ ಒಣಗಿ ಸೀಳಿದರೆ ಬೀಜ ರೇಷ್ಮೆಯ ಜುಟ್ಟು ಹೊತ್ತು ಹಾರಿಹೋಗುತ್ತದೆ, ಹಾಗಾಗಿ ಸೀಳುವ ಮುಂಚೆ ಕಾಯಿಗೆ ತೆಳು ಬಟ್ಟೆ ಕಟ್ಟಬೇಕು. ಹೊಸ ಬೀಜವನ್ನು ಸಣ್ಣ ಉಸುಕಿನ ಮೇಲೆ ಉದುರಿಸಿ, ಮುಚ್ಚಿಯೂ ಮುಚ್ಚದಷ್ಟು ಉಸುಕು ಹಾಕಿ, ತೇವ ಆರದಂತೆ ನೋಡಿಕೊಂಡರೆ ಒಂದು ವಾರದೊಳಗೆ ಮೊಳಕೆ. ತಡಮಾಡಿದರೆ ಬೀಜದ ಕಸುವು ಹೋಗುತ್ತದೆ. ಈ ಗಿಡ ತೇವ ಬೇಡುವುದು ಬದುಕಿನಲ್ಲಿ ಆ ಒಂದೇ ಸಲ.

ಈಚೆಗೆ ಇದಕ್ಕೆ ಮಾರುಕಟ್ಟೆಯಲ್ಲೂ ಮರ್ಯಾದೆ ಬಂದಿದೆ. ಇದರ ಸಾರ ತೆಗೆದು ತೂಕ ಇಳಿಸುವ ಮಾತ್ರೆ ಮಾಡುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 50 ಜನರಿಗೆ 60 ದಿನ, ದಿನಕ್ಕೆ 1 ಗ್ರಾಂ ಸಾರವನ್ನೋ ಬರೀ ಹುಸಿ ಮಾತ್ರೆಯನ್ನೋ ಕೊಟ್ಟು ನೋಡಿದ್ದು 2007ರಲ್ಲಿ ಪ್ರಕಟವಾಗಿದೆ. ಸಾರ ತಿಂದವರ ಹಸಿವು, ಸೊಂಟದ ಸುತ್ತಳತೆ ಇಳಿದಿದ್ದವು. ತೂಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಇಂಥದೊಂದು ಡಬ್ಬಿ ತರಿಸಿಕೊಂಡಿದ್ದಾನೆ. ದೀಪಾವಳಿಗೆ ಬಂದಾಗ ತನ್ನ ಡಬ್ಬಿ ತೋರಿಸಿ ಅಜ್ಜಿಗೆ ಅದರ ಗುಣ ವಿವರಿಸಿದ. ಡಬ್ಬಿಯ ಬೆಲೆ ಕೇಳಿ ಅವ್ವ ಏನೂ ಅನ್ನಲಿಲ್ಲ. ಮಾಳಿಗೆ ಹತ್ತಿ ನಾಲ್ಕು ಕೋಡು ಮುರಿದು ತಂದಳು. ಮೂಲೆಯ ನಾರು ತೆಗೆದು, ಹೆಚ್ಚಿ, ಬಾಣಲೆಯಲ್ಲಿ ಎಣ್ಣೆ ಬಿಟ್ಟು ಕಹಿ ಹೋಗುವ ತನಕ ಹುರಿದಳು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಶೇಂಗಾ, ಒಂದಿಷ್ಟು ಹುಣಸೆಹಣ್ಣು, ಉಪ್ಪು ಹಾಕಿ ಒಳಕಲ್ಲಿನಲ್ಲಿ ಕುಟ್ಟಿ, ಬಿಸಿ ಜೋಳದ ರೊಟ್ಟಿಯ ಮೇಲೆ ಬೆಣ್ಣೆಯ ಜೊತೆ ಇಟ್ಟಳು.

"ಇದರಾಗೂ ಅದ ಅದ, ತಿನ್ನು. ಹಸಿವು ಹೋಗ್ತದ."

ಅವನು ನಾಲ್ಕನೇ ರೊಟ್ಟಿಗೆ ಕೈ ಚಾಚಿದಾಗ ಅವ್ವ ತವೆ ಇಳಿಸಿಯಾಗಿತ್ತು. ಮತ್ತೆ ಹಿಟ್ಟು ನಾದಲಿಕ್ಕೆ ಕೂತಳು.